ಕ್ಸೆನಾನ್ ಅನಿಲದಿಂದ ಶ್ವಾಸಕೋಶದ ಎಂಆರ್‌ಐ: ಇದರಲ್ಲಿ ಲೇಸರ್‌ಗೆ ಏನು ಕೆಲಸ?

ಪ್ರಶ್ನೆ (ಎಂಎಸ್‌ಸಿ ವಿದ್ಯಾರ್ಥಿ, ಧಾರವಾಡ)

ಎಲ್ಲರಿಗೂ ನಮಸ್ಕಾರ. ನಮ್ಮ ಪರಮಾಣು ಭೌತಶಾಸ್ತ್ರದ ಪಠ್ಯದಲ್ಲಿ ಆಪ್ಟಿಕಲ್ ಪಂಪಿಂಗ್, ಅಂದರೆ ಬೆಳಕಿನಿಂದ ಪರಮಾಣುಗಳನ್ನು ಬೇಕಾದ ಸ್ಥಿತಿಗೆ ತರುವ ವಿಧಾನ, ಇದೆ. ಆಲ್ಫ್ರೆಡ್ ಕಾಸ್ಲರ್ ಅವರಿಗೆ 1966ರ ನೊಬೆಲ್ ಬಂದದ್ದು ಈ ಕ್ಷೇತ್ರದ ಕೆಲಸಕ್ಕೆ ಎಂಬುದನ್ನೂ ರುಬಿಡಿಯಂ ಆವಿಯ ಪ್ರಯೋಗವನ್ನೂ ಓದಿ ಪರೀಕ್ಷೆ ಬರೆದರೆ ಅಲ್ಲಿಗೆ ಆ ಅಧ್ಯಾಯ ಮುಗಿಯುತ್ತದೆ. ಈಚೆಗೆ ಅದೇ ವಿಧಾನದಿಂದ ಸಿದ್ಧಪಡಿಸಿದ ಕ್ಸೆನಾನ್ ಅನಿಲವನ್ನು ರೋಗಿಗಳಿಗೆ ಉಸಿರಾಡಲು ಕೊಟ್ಟು ಶ್ವಾಸಕೋಶದ ಎಂಆರ್‌ಐ ತೆಗೆಯುತ್ತಾರೆ ಎಂದು ಓದಿದಾಗ ಆಶ್ಚರ್ಯವಾಯಿತು. ಶ್ವಾಸಕೋಶಕ್ಕೆ ಮಾಮೂಲಿ ಎಂಆರ್‌ಐ ಏಕೆ ಸಾಲದು? ಕ್ಸೆನಾನ್ ಜಡಾನಿಲ, ಅದರ ಎಲೆಕ್ಟ್ರಾನನ್ನು ಮೇಲಿನ ಮಟ್ಟಕ್ಕೆ ಏರಿಸಲು ದೂರದ ನೇರಳಾತೀತ ಬೆಳಕು ಬೇಕು. ಹಾಗಿರುವಾಗ ಸಾಧಾರಣ ಲೇಸರ್ ಅದನ್ನು ಏನು ಮಾಡಬಲ್ಲದು? ವೈದ್ಯರಿಗೆ ಇದರಿಂದ ನಿಜವಾದ ಉಪಯೋಗವಿದೆಯೇ, ಅಥವಾ ಇದು ಪ್ರಯೋಗಾಲಯದ ಚಮತ್ಕಾರ ಮಾತ್ರವೇ?

ಉತ್ತರ 1 (ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮೈಸೂರು)

ನಿಮ್ಮ ಎರಡನೆಯ ಪ್ರಶ್ನೆಯೇ ಇಡೀ ವಿಷಯದ ತಿರುಳು. ಆದರೆ ಮೊದಲನೆಯದನ್ನು ಮುಗಿಸದೆ ಅಲ್ಲಿಗೆ ಹೋಗಲಾಗದು.

ಮಾಮೂಲಿ ಎಂಆರ್‌ಐ ನೋಡುವುದು ದೇಹದಲ್ಲಿರುವ ನೀರು ಮತ್ತು ಕೊಬ್ಬಿನ ಪ್ರೋಟಾನುಗಳನ್ನು. 1.5 ಟೆಸ್ಲಾ ಯಂತ್ರದೊಳಗೆ, ದೇಹದ ಉಷ್ಣತೆಯಲ್ಲಿ, ಕಾಂತಕ್ಷೇತ್ರದ ದಿಕ್ಕಿನಲ್ಲಿರುವ ಪ್ರೋಟಾನುಗಳ ಸಂಖ್ಯೆ ವಿರುದ್ಧ ದಿಕ್ಕಿನವುಗಳಿಗಿಂತ ಹೆಚ್ಚಿರುವುದು ಹತ್ತು ಲಕ್ಷಕ್ಕೆ ಸುಮಾರು ಐದು ಮಾತ್ರ. ನಮಗೆ ಸಿಗುವ ಸಂಕೇತವೆಲ್ಲ ಆ ಐದರಿಂದಲೇ. ನೀರು ತುಂಬಿದ ಅಂಗಾಂಗಗಳಲ್ಲಿ ಪ್ರೋಟಾನುಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಇಷ್ಟು ಅಲ್ಪ ವ್ಯತ್ಯಾಸವೂ ಸಾಕಾಗುತ್ತದೆ. ಶ್ವಾಸಕೋಶದ ಬಹುಭಾಗ ಗಾಳಿ. ಸಾಲದ್ದಕ್ಕೆ, ಗಾಳಿ ಮತ್ತು ಅಂಗಾಂಶ ಸೇರುವ ಕೋಟ್ಯಂತರ ಗಡಿಗಳಲ್ಲಿ ಕಾಂತಕ್ಷೇತ್ರ ಏರುಪೇರಾಗಿ, ಇರುವ ಸಂಕೇತವೂ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಚಿತ್ರದಲ್ಲಿ ಎದೆಯೊಳಗೆ ಎರಡು ಕಪ್ಪು ಗುಹೆಗಳು ಕಾಣುತ್ತವೆ, ಅಷ್ಟೆ.

ಗಾಳಿಯ ಜಾಗದಲ್ಲಿ ಬೇರೊಂದು ಅನಿಲವನ್ನು ತುಂಬಿ ಅದರ ನ್ಯೂಕ್ಲಿಯಸ್ಸನ್ನೇ ನೋಡಬಹುದಲ್ಲ ಎಂದರೆ, ಅನಿಲದ ಸಾಂದ್ರತೆ ಬಹಳ ಕಡಿಮೆ. ಹತ್ತು ಲಕ್ಷಕ್ಕೆ ಐದರ ಲೆಕ್ಕದಲ್ಲಿ ಏನೂ ಕಾಣುವುದಿಲ್ಲ. ಆದ್ದರಿಂದ ಆ ವ್ಯತ್ಯಾಸವನ್ನೇ ಹಲವು ಸಾವಿರ ಪಟ್ಟು ಹೆಚ್ಚಿಸಬೇಕು. ಲೇಸರ್ ಬರುವುದು ಇಲ್ಲಿ.

ನೀವು ಹೇಳಿದಂತೆ ಲೇಸರ್ ಕ್ಸೆನಾನನ್ನು ಮುಟ್ಟುವುದೇ ಇಲ್ಲ. ಅದು ಮುಟ್ಟುವುದು ರುಬಿಡಿಯಂ ಅನ್ನು. ಗಾಜಿನ ಕೋಶವೊಂದರಲ್ಲಿ ತುಸು ರುಬಿಡಿಯಂ ಲೋಹವನ್ನಿಟ್ಟು ಬಿಸಿಮಾಡಿದಾಗ ಅದರ ಆವಿ ಹರಡುತ್ತದೆ. 795 ನ್ಯಾನೋಮೀಟರ್ ತರಂಗಾಂತರದ, ವೃತ್ತೀಯವಾಗಿ ಧ್ರುವೀಕರಿಸಿದ ಲೇಸರ್ ಬೆಳಕು ಆ ಆವಿಯ ಮೂಲಕ ಹಾದಾಗ ರುಬಿಡಿಯಂನ ಹೊರಗಿನ ಒಂಟಿ ಎಲೆಕ್ಟ್ರಾನಿನ ಸ್ಪಿನ್ (ಪುಟ್ಟ ಕಾಂತಸೂಜಿಯಂಥ ಗುಣ) ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತದೆ. ಕಾಸ್ಲರ್ ಅವರ ಪಾಠ ಇಲ್ಲಿಯವರೆಗೆ. ಈಗ ಅದೇ ಕೋಶಕ್ಕೆ ಕ್ಸೆನಾನ್ ಬಿಟ್ಟರೆ, ಎರಡೂ ಪರಮಾಣುಗಳು ಡಿಕ್ಕಿ ಹೊಡೆದು, ಕೆಲವೊಮ್ಮೆ ಕ್ಷಣಕಾಲ ಸಡಿಲವಾದ ಜೋಡಿಯಾಗಿ ಅಂಟಿಕೊಂಡು, ಆ ಸಾಮೀಪ್ಯದಲ್ಲಿ ಎಲೆಕ್ಟ್ರಾನಿನ ಸ್ಪಿನ್ ಕ್ಸೆನಾನ್‌ನ ನ್ಯೂಕ್ಲಿಯಸ್ಸಿಗೆ ವರ್ಗಾವಣೆಯಾಗುತ್ತದೆ. ರುಬಿಡಿಯಂಗೆ ನಷ್ಟವಾದದ್ದನ್ನು ಲೇಸರ್ ಕೂಡಲೇ ತುಂಬಿಕೊಡುತ್ತದೆ. ಹೀಗೆ ನಡೆಯುತ್ತಾ ಹತ್ತಾರು ಪ್ರತಿಶತದಷ್ಟು ಧ್ರುವೀಕರಣ, ಅಂದರೆ ಸ್ಪಿನ್‌ಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸುವುದು, ಸಾಧ್ಯವಾಗಿದೆ.

ಕ್ಸೆನಾನ್‌ನ ಎಲ್ಲ ಐಸೋಟೋಪುಗಳೂ ಈ ಕೆಲಸಕ್ಕೆ ಬರುವುದಿಲ್ಲ. ಪ್ರಕೃತಿಯಲ್ಲಿ ಸುಮಾರು 26 ಪ್ರತಿಶತ ಇರುವ ಕ್ಸೆನಾನ್-129ರ ಸ್ಪಿನ್ ಅರ್ಧ. ಅದಕ್ಕೆ ಎಲೆಕ್ಟ್ರಾನ್ ಕವಚವೂ ಪೂರ್ಣವಾಗಿರುವುದರಿಂದ ಹೊರಗಿನ ಗದ್ದಲ ನ್ಯೂಕ್ಲಿಯಸ್ಸನ್ನು ಸುಲಭವಾಗಿ ತಲುಪುವುದಿಲ್ಲ. ಇದು ವಿಕಿರಣಶೀಲವೂ ಅಲ್ಲ. ಕೋಶದಲ್ಲಿ ಕ್ಸೆನಾನ್ ಜೊತೆಗೆ ಹೀಲಿಯಂ ಮತ್ತು ಸ್ವಲ್ಪ ನೈಟ್ರೋಜನ್ ಇರುತ್ತವೆ. ಉದ್ರಿಕ್ತ ರುಬಿಡಿಯಂ ಪರಮಾಣು ಮತ್ತೆ ಬೆಳಕು ಹೊರಸೂಸಿದರೆ ಆ ಅಡ್ಡಾದಿಡ್ಡಿ ಬೆಳಕು ಉಳಿದ ಪರಮಾಣುಗಳ ಧ್ರುವೀಕರಣವನ್ನು ಕೆಡಿಸುತ್ತದೆ. ನೈಟ್ರೋಜನ್ ಆ ಶಕ್ತಿಯನ್ನು ಡಿಕ್ಕಿಯಲ್ಲೇ ಹೀರಿಕೊಳ್ಳುತ್ತದೆ. ಪಠ್ಯಪುಸ್ತಕಗಳು ಇಂಥ ಸಂಗತಿಗಳನ್ನು ಬಿಟ್ಟುಬಿಡುತ್ತವೆ. ಯಂತ್ರ ಕಟ್ಟುವವರಿಗೆ ಮಾತ್ರ ಅವೇ ಮುಖ್ಯ.

ಈ ವಿದ್ಯೆಯನ್ನು ಬೆಳೆಸಿದವರು ವೈದ್ಯಕೀಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲಿಯಂ ಹ್ಯಾಪರ್ ಅವರ ತಂಡಕ್ಕೆ ಬೇಕಾಗಿದ್ದದ್ದು ಸ್ಪಿನ್ ವಿನಿಮಯದ ತಿಳಿವಳಿಕೆ. ಹೀಲಿಯಂ-3ರ ಮೇಲೆ ಇದೇ ತಂತ್ರ ಬಳಸಿ, ನ್ಯೂಟ್ರಾನಿನ ಒಳರಚನೆ ಪರೀಕ್ಷಿಸಲು ಕಣವೇಗವರ್ಧಕಗಳಲ್ಲಿ ಧ್ರುವೀಕೃತ ಗುರಿಗಳನ್ನಾಗಿಯೂ ಇಟ್ಟರು. 1994ರಲ್ಲಿ ಪ್ರಿನ್ಸ್‌ಟನ್ ಮತ್ತು ಸ್ಟೋನಿ ಬ್ರೂಕ್‌ನ ಸಂಶೋಧಕರು ಸೇರಿ, ಇಲಿಯ ದೇಹದಿಂದ ಹೊರತೆಗೆದ ಶ್ವಾಸಕೋಶಗಳಲ್ಲಿ ಧ್ರುವೀಕೃತ ಕ್ಸೆನಾನ್ ತುಂಬಿ ತೆಗೆದ ಚಿತ್ರವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ ಕೆಲವು ವರ್ಷ ಹೀಲಿಯಂ-3 ಮುಂದಿತ್ತು, ಏಕೆಂದರೆ ಅದರ ಸಂಕೇತ ಬಲವಾದದ್ದು. ಆದರೆ ಅದು ದೊರೆಯುವುದು ಮುಖ್ಯವಾಗಿ ಅಣ್ವಸ್ತ್ರಗಳಿಗಾಗಿ ಸಂಗ್ರಹಿಸಿದ ಟ್ರಿಷಿಯಂ (ಹೈಡ್ರೋಜನ್‌ನ ವಿಕಿರಣಶೀಲ ರೂಪ) ಕ್ಷಯಿಸಿದಾಗ. ಗಡಿಗಳಲ್ಲಿ ನ್ಯೂಟ್ರಾನ್ ಪತ್ತೆಯಂತ್ರಗಳಿಗೆ ಅದರ ಬಳಕೆ ಹೆಚ್ಚಿ ಕೊರತೆಯಾದ ಮೇಲೆ ಎಲ್ಲರೂ ಕ್ಸೆನಾನ್ ಕಡೆ ಹೊರಳಿದರು.

ಉತ್ತರ 2 (ರೇಡಿಯಾಲಜಿಸ್ಟ್)

ಸರ್ ಭೌತಶಾಸ್ತ್ರವನ್ನು ವಿವರಿಸಿದ್ದಾರೆ. ನಾನು ಮೂರನೆಯ ಪ್ರಶ್ನೆಗೆ ಉತ್ತರಿಸುತ್ತೇನೆ.

ಸಿಟಿ ಸ್ಕ್ಯಾನ್ ಶ್ವಾಸಕೋಶದ ರಚನೆಯನ್ನು ಚೆನ್ನಾಗಿ ತೋರಿಸುತ್ತದೆ. ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಸಾಮರ್ಥ್ಯ ಅಳೆಯುವ ಪರೀಕ್ಷೆ) ಎರಡೂ ಶ್ವಾಸಕೋಶಗಳಿಗೆ ಸೇರಿಸಿ ಒಂದು ಅಂಕಿಯನ್ನು ಕೊಡುತ್ತದೆ. ಯಾವ ಭಾಗಕ್ಕೆ ಗಾಳಿ ಹೋಗುತ್ತಿದೆ, ಯಾವ ಭಾಗಕ್ಕೆ ಹೋಗುತ್ತಿಲ್ಲ ಎಂಬುದನ್ನು ಕ್ಸೆನಾನ್ ಚಿತ್ರ ನೇರವಾಗಿ ತೋರಿಸುತ್ತದೆ. ಆಸ್ತಮಾ, ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ), ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಗಟ್ಟಿ ಲೋಳೆ ಕಟ್ಟುವ ಆನುವಂಶಿಕ ಕಾಯಿಲೆ) ಇರುವವರಲ್ಲಿ ಗಾಳಿ ತಲುಪದ ಜಾಗಗಳು ಕಪ್ಪು ತೇಪೆಗಳಾಗಿ ಕಾಣುತ್ತವೆ. ಎಕ್ಸ್-ಕಿರಣ ಇಲ್ಲವಾದ್ದರಿಂದ ಮಕ್ಕಳಿಗೆ ಮತ್ತೆ ಮತ್ತೆ ಮಾಡಬಹುದು.

ಕ್ಸೆನಾನ್‌ನ ಇನ್ನೊಂದು ಗುಣ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಅದು ವಾಯುಕೋಶದಿಂದ ಪೊರೆಗೆ, ಪೊರೆಯಿಂದ ಕೆಂಪು ರಕ್ತಕಣಕ್ಕೆ ಕರಗಿ ಹೋಗುತ್ತದೆ, ಅಂದರೆ ಆಮ್ಲಜನಕ ಸಾಗುವ ದಾರಿಯಲ್ಲೇ. ಪೊರೆಯಲ್ಲಿರುವಾಗ ಅದರ ಅನುರಣನ (ಸಂಕೇತದ ಆವರ್ತನ) ಅನಿಲಕ್ಕಿಂತ ಸುಮಾರು 197 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು), ರಕ್ತಕಣದಲ್ಲಿರುವಾಗ ಸುಮಾರು 218 ಪಿಪಿಎಂ ಸರಿದಿರುತ್ತದೆ; ಹೀಗಾಗಿ ಎರಡನ್ನೂ ಬೇರೆಬೇರೆಯಾಗಿ ಅಳೆಯಬಹುದು. ಪೊರೆ ದಪ್ಪಗಾಗುವ ಶ್ವಾಸಕೋಶದ ಫೈಬ್ರೋಸಿಸ್‌ನಲ್ಲಿ ರಕ್ತಕಣದ ಪಾಲು ಕುಗ್ಗುತ್ತದೆ. ಕೋವಿಡ್‌ನಿಂದ ಆಸ್ಪತ್ರೆ ಸೇರಿ ಚೇತರಿಸಿಕೊಂಡ ಕೆಲವರ ಸಿಟಿ ಹೆಚ್ಚುಕಡಿಮೆ ಸಹಜವಾಗಿದ್ದರೂ ಅನಿಲ ವಿನಿಮಯ ಕುಂದಿರುವುದನ್ನು ಆಕ್ಸ್‌ಫರ್ಡ್ ಮತ್ತು ಶೆಫೀಲ್ಡ್‌ನ ತಂಡಗಳು 2021ರಲ್ಲಿ ತೋರಿಸಿದವು. ಅಧ್ಯಯನ ಬೆರಳೆಣಿಕೆಯ ರೋಗಿಗಳದ್ದು, ಆದ್ದರಿಂದ ಅದರ ಮೇಲೆ ದೊಡ್ಡ ತೀರ್ಮಾನ ಕಟ್ಟಬಾರದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಡಿಸೆಂಬರ್‌ನಲ್ಲಿ ಈ ಅನಿಲಕ್ಕೆ ಒಪ್ಪಿಗೆ ಕೊಟ್ಟಾಗ ಅದು ಗಾಳಿಯಾಟದ ಚಿತ್ರಣಕ್ಕೆ, 12 ವರ್ಷ ಮತ್ತು ಮೇಲ್ಪಟ್ಟವರಿಗೆ ಮಾತ್ರ ಇತ್ತು. ಮೇಲೆ ಹೇಳಿದ ಅನಿಲ ವಿನಿಮಯದ ಅಳತೆ ಆ ಒಪ್ಪಿಗೆಯಲ್ಲಿ ಇರಲಿಲ್ಲ. ಪತ್ರಿಕಾ ವರದಿಗಳು ಇವೆರಡನ್ನೂ ಬೆರೆಸಿಬಿಡುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಮ್ಮೆ ಸಿದ್ಧವಾದ ಅನಿಲ ಎಷ್ಟು ಹೊತ್ತು ಹಾಗೆಯೇ ಇರುತ್ತದೆ? ಒಂದು ಊರಿನಲ್ಲಿ ತಯಾರಿಸಿ ಬೇರೆ ಊರಿನ ಆಸ್ಪತ್ರೆಗಳಿಗೆ ಸಿಲಿಂಡರಿನಲ್ಲಿ ಕಳಿಸಬಹುದೇ?

ಉತ್ತರ 3 (ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮೈಸೂರು)

ಸಿಲಿಂಡರಿನ ಮಾತು ಆಗದು. ಕೋಶದಿಂದ ಬಂದ ಕ್ಸೆನಾನನ್ನು ದ್ರವ ನೈಟ್ರೋಜನ್‌ನ ತಂಪಿನಲ್ಲಿ, ಕಾಂತಕ್ಷೇತ್ರದೊಳಗೆ ಹಿಮದಂತೆ ಗಟ್ಟಿಗೊಳಿಸುತ್ತಾರೆ. ಹೀಲಿಯಂ, ನೈಟ್ರೋಜನ್ ಬೇರ್ಪಡುವುದೂ ಆಗಲೇ. ಆ ಗಟ್ಟಿ ಸ್ಥಿತಿಯಲ್ಲಿ ಧ್ರುವೀಕರಣ ಕೆಲವು ಗಂಟೆ ಬಾಳುತ್ತದೆ. ಬೇಕಾದಾಗ ಕರಗಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಾರೆ. ರೋಗಿ ಸ್ಕ್ಯಾನರ್ ಒಳಗೆ ಮಲಗಿಕೊಂಡೇ ನಳಿಗೆಯಿಂದ ಆ ಚೀಲವನ್ನು ಒಂದೇ ಉಸಿರಿಗೆ ಒಳಗೆಳೆದುಕೊಂಡು ಹತ್ತು ಹದಿನೈದು ಸೆಕೆಂಡ್ ಬಿಗಿಹಿಡಿಯಬೇಕು. ಆಮ್ಲಜನಕ ಅನುಕಾಂತೀಯವಾದ್ದರಿಂದ (ಅದರ ಅಣುವೇ ಪುಟ್ಟ ಕಾಂತದಂತಿರುವುದರಿಂದ) ಶ್ವಾಸಕೋಶದೊಳಗೆ ಧ್ರುವೀಕರಣ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಕುಸಿಯುತ್ತದೆ. ಅಷ್ಟೇ ಅಲ್ಲ, ಯಂತ್ರ ಕಳಿಸುವ ಪ್ರತಿ ರೇಡಿಯೋ ಸ್ಪಂದವೂ ಅದರಲ್ಲಿ ಒಂದಿಷ್ಟನ್ನು ಖರ್ಚುಮಾಡುತ್ತದೆ. ಪ್ರೋಟಾನುಗಳಲ್ಲಿ ಆಗುವಂತೆ ಅದು ಮತ್ತೆ ತುಂಬಿಕೊಳ್ಳುವುದಿಲ್ಲ. ಆದ್ದರಿಂದ ಸ್ಪಿನ್‌ಗಳನ್ನು ಸ್ವಲ್ಪವೇ ವಾಲಿಸುವ ಸಣ್ಣ ಕೋನದ ಸ್ಪಂದಗಳನ್ನು ಎಣಿಸಿ ಬಳಸಬೇಕು.

ಉತ್ತರ 4 (ರೇಡಿಯಾಲಜಿಸ್ಟ್)

ಒಂದು ಸೇರ್ಪಡೆ. ಶುದ್ಧ ಕ್ಸೆನಾನ್ ಹೆಚ್ಚು ಪ್ರಮಾಣದಲ್ಲಿ ಅರಿವಳಿಕೆ. ಇಲ್ಲಿ ಕೊಡುವುದು ಹೆಚ್ಚೆಂದರೆ ಒಂದು ಲೀಟರಿನಷ್ಟು, ಅದೂ ಒಂದೇ ಉಸಿರು, ಆದ್ದರಿಂದ ತುಸು ತಲೆಸುತ್ತಿದಂತಾಗಿ ಸರಿಹೋಗುತ್ತದೆ. ಆ ಉಸಿರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ರೋಗಿಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಯೇ ಮಾಡಬೇಕು.

ನಮ್ಮ ಕಡೆಯ ಆಸ್ಪತ್ರೆಗಳ ಮಾತಿಗೆ ಬಂದರೆ, ಅಡ್ಡಿ ಇರುವುದು ಅನಿಲದಲ್ಲಿ ಮಾತ್ರವಲ್ಲ. 1.5 ಟೆಸ್ಲಾದಲ್ಲಿ ಪ್ರೋಟಾನಿನ ಆವರ್ತನ ಸುಮಾರು 64 ಮೆಗಾಹರ್ಟ್ಸ್, ಕ್ಸೆನಾನ್-129ರದು ಸುಮಾರು 17.7. ಸಾಧಾರಣ ಎಂಆರ್‌ಐ ಯಂತ್ರ ಆ ಆವರ್ತನವನ್ನು ಕೇಳುವುದೇ ಇಲ್ಲ. ಪ್ರತ್ಯೇಕ ಆಂಪ್ಲಿಫೈಯರ್, ಎದೆಗೆ ಸುತ್ತುವ ಪ್ರತ್ಯೇಕ ಕಾಯಿಲ್, ಪಕ್ಕದ ಕೋಣೆಯಲ್ಲಿ ಲೇಸರ್ ಯಂತ್ರ, ಅದನ್ನು ನಡೆಸಲು ಭೌತಶಾಸ್ತ್ರ ಓದಿದ ಒಬ್ಬರು, ಇಷ್ಟೂ ಬೇಕು. ಎದೆಯ ಎಕ್ಸ್-ರೇ ಮತ್ತು ಸ್ಪೈರೋಮೆಟ್ರಿಯೇ ಸರಿಯಾಗಿ ತಲುಪದ ತಾಲ್ಲೂಕು ಆಸ್ಪತ್ರೆಗಳಿಗೆ ಇದು ಸದ್ಯದ ಮಾತಲ್ಲ. ದೊಡ್ಡ ಸಂಶೋಧನಾ ಆಸ್ಪತ್ರೆಯೊಂದು ಫೈಬ್ರೋಸಿಸ್ ಔಷಧಗಳ ಪರಿಣಾಮ ಅಳೆಯಲು ಹಾಕಿಸಿಕೊಂಡರೆ ಅರ್ಥವಿದೆ, ಮತ್ತು ಅಲ್ಲಿ ನಿಮ್ಮಂಥ ಎಂಎಸ್‌ಸಿ ಓದಿದವರಿಗೆ ಕೆಲಸವೂ ಇರುತ್ತದೆ.