ಕೆಲ್ಟಿಕ್ ಮತ್ತು ಮಧ್ಯಯುಗದ ಇತಿಹಾಸ ದೂರಶಿಕ್ಷಣದಲ್ಲಿ ಓದಿದವರು ಇದ್ದೀರಾ? ಅನುಭವ ಹೇಳಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಬೆಂಗಳೂರಲ್ಲಿ ಕೆಲಸ. ಓದಿದ್ದು ಬಿಎಸ್ಸಿ. ಕೆಲ್ಟಿಕ್ ಭಾಷೆಗಳ ನಾಡಾದ ಐರ್ಲೆಂಡ್ ಮತ್ತು ವೇಲ್ಸ್‌ನ ಹಳೇ ಕಥೆಗಳು, ಮಠಗಳು, ಹಸ್ತಪ್ರತಿಗಳು ಅಂದ್ರೆ ತುಂಬಾ ಆಸೆ. ಕೆಲಸ ಬಿಡದೆ ಅಲ್ಲಿನ ಯುನಿವರ್ಸಿಟಿಯಿಂದ ದೂರಶಿಕ್ಷಣದಲ್ಲಿ ಎಂಎ ಮಾಡಬೇಕು ಅಂತಿದ್ದೇನೆ. ಇತಿಹಾಸದ ಡಿಗ್ರಿ ಇಲ್ಲದವರನ್ನು ತಗೊಳ್ತಾರಾ? ಮಗಳು ಚಿಕ್ಕವಳು, ರಾತ್ರಿ ಎಂಟರ ಮೇಲೆ ಮಾತ್ರ ಸಮಯ ಸಿಗುತ್ತೆ. ಮಾಡಿದವರು ದಯವಿಟ್ಟು ಹೇಳಿ.

ಧಾರವಾಡದ ಬ್ಯಾಂಕಿನವ:
ನಾನು ಮುಗಿಸಿದ್ದೇನೆ. ಹೆಮ್ಮೆಯಿಂದಲೇ ಹೇಳ್ತೇನೆ. ಆದರೆ ದುಡ್ಡಿನ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ, ಅದನ್ನು ಮೊದಲು ಕೇಳಿ.

ನಾನು ಸೇರಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಆಗ ಪೌಂಡ್ 90 ರೂಪಾಯಿ ಆಸುಪಾಸು ಇತ್ತು. ಕೊನೆ ಕಂತು ಕಟ್ಟುವಾಗ 2025, ಪೌಂಡ್ 115 ದಾಟಿತ್ತು. ಫೀಸ್ ಪೌಂಡ್‌ನಲ್ಲಿ ಅಷ್ಟೇ ಇದೆ, ನನ್ನ ಜೇಬಿಂದ ಹೋಗಿದ್ದು ಮಾತ್ರ ಪೌಂಡಿಗೆ 25 ರೂಪಾಯಿ ಜಾಸ್ತಿ. ಇದಕ್ಕೆ ಯಾರನ್ನು ಬೈಯೋಣ? ಎರಡನೇ ಕಂತು ಕಳಿಸಿದಾಗ ನಡುವಿನ ಯಾವುದೋ ಬ್ಯಾಂಕ್ 15 ಪೌಂಡ್ ಚಾರ್ಜ್ ಹಿಡಿದುಕೊಂಡಿತು. ಯುನಿವರ್ಸಿಟಿ ಲೆಕ್ಕದಲ್ಲಿ ನನ್ನದು ಬಾಕಿ. ಲೈಬ್ರರಿ ಲಾಗಿನ್ ಬಂದ್. ಪ್ರಬಂಧ ಒಪ್ಪಿಸೋ ವಾರ ಅದು! ಆ 15 ಪೌಂಡ್ ಕಳಿಸೋಕೆ ಮತ್ತೆ ವಿದೇಶಕ್ಕೆ ಹಣ ಕಳಿಸೋ ಎ2 ಫಾರ್ಮ್, ಮತ್ತೆ ಸ್ವಿಫ್ಟ್ ಚಾರ್ಜ್, ಅದರ ಮೇಲೆ ಜಿಎಸ್‌ಟಿ. ಕಳಿಸಿದ ಖರ್ಚು ಬಾಕಿಗಿಂತ ಜಾಸ್ತಿ ಆಯಿತು. ಫಾರ್ಮ್‌ನಲ್ಲಿ ಎಲ್ಲ ಚಾರ್ಜೂ ಕಳಿಸುವವರದೇ ಅಂತ ಗುರುತು ಹಾಕಿಸಿ, ಕೌಂಟರ್‌ನಲ್ಲಿ ನಿಂತು ಹಾಕಿಸಿ. ಕಾರ್ಡಲ್ಲಿ ಕಟ್ಟಿದರೆ ಮೂರೂವರೆ ಪರ್ಸೆಂಟ್ ಮಾರ್ಕಪ್ ಬೀಳುತ್ತೆ.

ಓದಿನ ವಿಷಯಕ್ಕೆ ಬಂದರೆ, ಹಳೇ ಐರಿಶ್ ಭಾಷೆಯೇ ಜನರನ್ನು ಓಡಿಸೋದು. ನಮ್ಮ ಬ್ಯಾಚಲ್ಲಿ ಅರ್ಧ ಜನ ಅಲ್ಲೇ ನಿಂತರು. ‘ದೋ-ಬೆರ್’ ಅಂದ್ರೆ ತರುತ್ತಾನೆ. ಮುಂದೆ ‘ಇಲ್ಲ’ ಅನ್ನೋ ಅರ್ಥದ ‘ನೀ’ ಸೇರಿಸಿದರೆ ಅದು ‘ನೀ ತವಿರ್’. ಒತ್ತು ಜರುಗಿ ಇಡೀ ಕ್ರಿಯಾಪದ ಗುರುತೇ ಸಿಗದ ಹಾಗೆ ಬದಲಾಗುತ್ತೆ. ನಿಘಂಟಿನಲ್ಲಿ ಯಾವ ಅಕ್ಷರದ ಕೆಳಗೆ ಹುಡುಕಬೇಕು ಅನ್ನೋದೇ ಒಂದು ಪಾಠ. ನಿಘಂಟು ಪುಣ್ಯಕ್ಕೆ ಬಿಟ್ಟಿ, ಇಡಿಐಎಲ್ ಅಂತ ಆನ್‌ಲೈನ್‌ನಲ್ಲೇ ಇದೆ. ವ್ಯಾಕರಣಕ್ಕೆ ತುರ್ನೈಸನ್ ಪುಸ್ತಕ ಬೇಕೇ ಬೇಕು. ಡಬ್ಲಿನ್‌ನಿಂದ ತರಿಸಿದೆ, ಕೊರಿಯರ್ ಚಾರ್ಜ್ ಪುಸ್ತಕದ ಬೆಲೆಯ ಹತ್ತಿರ ಹತ್ತಿರ ಬಂತು. ಮೇಲೆ ಕಸ್ಟಮ್ಸ್, ಅದರ ಮೇಲೆ ಕೊರಿಯರ್‌ನವರ ‘ನಿರ್ವಹಣಾ ಶುಲ್ಕ’.

ಇಷ್ಟಾದರೂ ಒಂದು ಪೈಸೆ ದಂಡ ಅನ್ನಿಸಿಲ್ಲ. ಸೇರಿ.

ಮೇಷ್ಟ್ರು_ತುಮಕೂರು:
ಬ್ಯಾಂಕಿನವರಿಗೆ ಕೆಲಸ ಇತ್ತು, ಸಂಬಳ ಇತ್ತು, ಹವ್ಯಾಸಕ್ಕೆ ಓದಿದರು. ನಾನು ಓದಿದ್ದು ಹೊಟ್ಟೆಪಾಡಿಗೆ. ನನ್ನದು ಮಧ್ಯಯುಗದ ಇತಿಹಾಸದಲ್ಲಿ ದೂರಶಿಕ್ಷಣದ ಎಂಎ, ಬ್ರಿಟನ್ನಿನ ಒಂದು ಯುನಿವರ್ಸಿಟಿ, ಹೆಸರು ಹೇಳಲ್ಲ. ಪ್ರವೇಶದ ಹೊತ್ತಿಗೆ ಅಲ್ಲಿನವರು ‘ನಮ್ಮ ಡಿಗ್ರಿ ಜಗತ್ತಿನಾದ್ಯಂತ ಮಾನ್ಯ’ ಅಂದರು. ಇಲ್ಲಿ ಕಾಲೇಜಿನಲ್ಲಿ ಲೆಕ್ಚರರ್ ಕೆಲಸಕ್ಕೆ ಫೈಲು ಇಟ್ಟಾಗ, ಈ ಡಿಗ್ರಿ ಇಲ್ಲಿನ ಎಂಎಗೆ ಸಮ ಅನ್ನೋ ಸಮಾನತೆ ಪ್ರಮಾಣಪತ್ರ ತನ್ನಿ ಅಂದರು. ಕೇಳಿದರೆ ಸಿಗಲ್ಲ. ಯುಜಿಸಿಯ 2025ರ ನಿಯಮವನ್ನೇ ಓದಿ: ವಿದೇಶಿ ಡಿಗ್ರಿಗೆ ಸಮಾನತೆ ಬೇಕಾದರೆ ತರಗತಿಯಲ್ಲಿ ಕೂತು ನೇರವಾಗಿ ಓದಿರಬೇಕು. ಆನ್‌ಲೈನ್ ಮತ್ತು ದೂರಶಿಕ್ಷಣ ಹೊರಗೆ.

ಹೆಂಡತಿ ಒಡವೆ ಅಡ ಇಟ್ಟು ಕಟ್ಟಿದ ಫೀಸು ಅದು. ಬಡ್ಡಿ ಇನ್ನೂ ಕಟ್ಟುತ್ತಿದ್ದೇನೆ. ನನ್ನ ಜೊತೆಯವನು ಇಲ್ಲೇ ಮುಕ್ತ ವಿವಿಯಲ್ಲಿ ಇತಿಹಾಸ ಎಂಎ ಮಾಡಿ, ಲೆಕ್ಚರರ್ ಅರ್ಹತೆಯ ಕೆ-ಸೆಟ್ ಪರೀಕ್ಷೆ ಪಾಸಾಗಿ, ಇವತ್ತು ಸರ್ಕಾರಿ ಕಾಲೇಜಲ್ಲಿದ್ದಾನೆ. 1086ರ ಇಂಗ್ಲೆಂಡಿನ ಜಮೀನು ಲೆಕ್ಕದ ಡೂಮ್ಸ್‌ಡೇ ದಾಖಲೆ ಅವನಿಗಿಂತ ಚೆನ್ನಾಗಿ ಓದಬಲ್ಲೆ. ಸಂಬಳದ ಚೀಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಹುಷಾರಾಗಿರಿ ಮೇಡಂ.

ಸ್ವಾನ್ಸೀ ಸಿಸ್ಟರ್:
ನಾನು ಇಲ್ಲಿ ವೇಲ್ಸ್‌ನಲ್ಲಿ ನರ್ಸು, ಊರು ಪುತ್ತೂರು. ದೂರಶಿಕ್ಷಣದಲ್ಲೇ ಓದುತ್ತಿದ್ದೇನೆ, ಪಾರ್ಟ್ ಟೈಮ್. ಇಲ್ಲೇ ಇದ್ದೀಯಲ್ಲ, ನಿನಗೆ ಸುಲಭ ಅಂತಾರೆ. ವೀಸಾದಲ್ಲಿ ಇರೋವರೆಗೂ ನಾನು ಹೊರದೇಶದವಳ ಲೆಕ್ಕ. ನನ್ನ ಪಕ್ಕದ ವಾರ್ಡಿನ, ಇಲ್ಲಿನವಳೇ ಆದ ಹುಡುಗಿಗೆ ಮಾಸ್ಟರ್ಸ್ ಸಾಲ ಸಿಕ್ಕಿತು, ಫೀಸ್ ಕಡಿಮೆ. ಅದೇ ಪಾಠ, ಅದೇ ವಿಡಿಯೋ, ನನಗೆ ಸಾಲವೂ ಇಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದು ಓದೋದು. ಒಂದು ಪ್ರಬಂಧಕ್ಕೆ ಗಡುವು ಮುಂದೂಡಿ ಅಂತ ಕೇಳಿದರೆ ವೈದ್ಯರ ಪತ್ರ ಕೇಳಿದರು. ರೋಸ್ಟರ್ ತೋರಿಸಿದೆ, ಆಗಲ್ಲ ಅಂದರು.

ನಾನು ಹೇಳೋದು ಒಂದೇ. ಭಾಷೆ ಕಲಿಯದೆ ಈ ವಿಷಯಕ್ಕೆ ಕೈ ಹಾಕಬೇಡಿ. ಅನುವಾದ ಓದಿ ಬರೆದ ಪ್ರಬಂಧಕ್ಕೆ ಪಾಸ್ ಮಾರ್ಕು ಬರುತ್ತೆ, ಅಷ್ಟೇ. ನಾನು ವೆಲ್ಶ್ ಕಲಿತೆ. ವಾರ್ಡಿನಲ್ಲಿ ವಯಸ್ಸಾದವರ ಜೊತೆ ಮಾತಾಡಿ ಮಾತಾಡಿ ಬಾಯಿ ತಿರುಗಿತು. ಹಳೇ ಪದ್ಯಕ್ಕೆ ಬಂದಾಗ ಅದು ಕೈ ಹಿಡಿಯಿತು.

ಅಬೆರಿಸ್ಟ್‌ವಿತ್‌ನಲ್ಲಿ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯ ಇದೆ. ‘ಕಾರ್ಮಾರ್ಥನ್‌ನ ಕಪ್ಪು ಪುಸ್ತಕ’ ಇರೋದು ಅಲ್ಲೇ. 1250ರ ಆಸುಪಾಸಿನದು, ಪೂರ್ತಿ ವೆಲ್ಶ್‌ನಲ್ಲೇ ಇರುವ ಹಸ್ತಪ್ರತಿಗಳಲ್ಲಿ ತುಂಬಾ ಹಳೇದು. ಹಿಂದೆ ಯಾರೋ ಅದರ ಅಂಚಿನಲ್ಲಿ ಬರೆದದ್ದನ್ನೆಲ್ಲ ಉಜ್ಜಿ ಅಳಿಸಿದ್ದರು. 2015ರಲ್ಲಿ ಅಲ್ಟ್ರಾವಯಲೆಟ್ ಬೆಳಕು ಹಾಯಿಸಿ ನೋಡಿದಾಗ ಅಳಿಸಿದ ಜಾಗದಲ್ಲಿ ಮುಖಗಳು ಕಂಡವು, ಪದ್ಯದ ಸಾಲುಗಳು ಕಂಡವು. ಅದರ ಚಿತ್ರಗಳು ಗ್ರಂಥಾಲಯದ ಸೈಟಲ್ಲಿವೆ. ಬೆಂಗಳೂರಿನಿಂದಲೂ ನೋಡಬಹುದು.

ಧಾರವಾಡದ ಬ್ಯಾಂಕಿನವ:
ಮೇಷ್ಟ್ರೇ, ‘ಹವ್ಯಾಸಕ್ಕೆ ಓದಿದರು’ ಅನ್ನೋ ಮಾತು ವಾಪಸ್ ತಗೊಳ್ಳಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಿ ಆಮೇಲೆ ಶಾಖೆಗೆ ಹೋದವನು ನಾನು. ಸಮಾನತೆ ಸಿಗುತ್ತೋ ಇಲ್ಲವೋ ಅನ್ನೋದು ಇಲ್ಲಿನ ನಿಯಮ. ಅದಕ್ಕೂ ಓದಿಗೂ ಏನು ಸಂಬಂಧ? ಕೇಳಿದವರು ಲೆಕ್ಚರರ್ ಆಗಬೇಕು ಅಂತ ಎಲ್ಲೂ ಹೇಳಿಲ್ಲ.

ಮೇಷ್ಟ್ರು_ತುಮಕೂರು:
ಸಂಬಂಧ ಇದೆ ಸಾರ್. ಮೂರು ಲಕ್ಷ ಖರ್ಚು ಮಾಡಿ ಗೋಡೆಗೆ ನೇತು ಹಾಕೋ ಕಾಗದ ತರಬೇಕಾ? ನೀವು ತರಬಹುದು. ಎಲ್ಲರ ಮನೆ ಪರಿಸ್ಥಿತಿ ಒಂದೇ ಅಲ್ಲ.

ಕಲ್ಲು ಓದುಗ:
ಡಿಗ್ರಿಯೇ ಯಾಕೆ ಬೇಕು ಅಂತ ಇಬ್ಬರಿಗೂ ಕೇಳ್ತೇನೆ. ನಾನು ಆಕ್ಸ್‌ಫರ್ಡ್‌ನ ಮುಂದುವರಿಕೆ ಶಿಕ್ಷಣ ವಿಭಾಗದ ಹತ್ತು ವಾರದ ಆನ್‌ಲೈನ್ ಕೋರ್ಸ್ ಮಾಡಿದೆ. ಬೇರೆಲ್ಲ ಬಿಟ್ಟಿ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಸೈಟಲ್ಲಿ ಹಳೇ ಕೈಬರಹ ಓದೋ ಪಾಠ, ಮಧ್ಯಯುಗದ ಲ್ಯಾಟಿನ್ ಪಾಠ ಎರಡೂ ಇವೆ. ಐರಿಶ್ ಹಸ್ತಪ್ರತಿಗಳು ಡಬ್ಲಿನ್ ಉನ್ನತ ಅಧ್ಯಯನ ಸಂಸ್ಥೆಯ ಐಎಸ್ಒಎಸ್ ಸೈಟಲ್ಲಿವೆ. ಸ್ವಿಸ್‌ನವರ ಇ-ಕೋಡಿಸೆಸ್ ಸೈಟ್ ತೆರೆದು ಸೇಂಟ್ ಗಾಲ್ ಮಠದ 904ನೇ ಹಸ್ತಪ್ರತಿ ನೋಡಿ. ಒಂಬತ್ತನೇ ಶತಮಾನದ ಲ್ಯಾಟಿನ್ ವ್ಯಾಕರಣ, ಸಾಲುಗಳ ನಡುವೆ ಐರಿಶ್ ಸನ್ಯಾಸಿಗಳ ಟಿಪ್ಪಣಿ. ಇವತ್ತು ರಾತ್ರಿ ಗಾಳಿ ಜೋರಾಗಿದೆ, ವೈಕಿಂಗರು ಕಡಲು ದಾಟಿ ಬರಲಾರರು, ಸದ್ಯ ಭಯವಿಲ್ಲ ಅನ್ನೋ ಪದ್ಯ ಅದರ ಅಂಚಿನಲ್ಲೇ ಇರೋದು. ಇನ್ನೊಂದು ಪುಟದ ಅಂಚಿನಲ್ಲಿ ಓಗಮ್ ಅನ್ನೋ ಹಳೇ ಐರಿಶ್ ಲಿಪಿಯ ಗೀಟುಗಳಲ್ಲಿ ಒಂದೇ ಪದ ಇದೆ, ಹಿಂದಿನ ರಾತ್ರಿ ಜಾಸ್ತಿ ಕುಡಿದು ಬಂದ ತಲೆಭಾರ ಅಂತ ಅದರ ಅರ್ಥ. ಜೂಮ್ ಮಾಡಿದರೆ ಚರ್ಮದ ರಂಧ್ರಗಳೂ ಕಾಣುತ್ತವೆ.

ಹಾಸನ, ಹಾವೇರಿ ಕಡೆ ವೀರಗಲ್ಲು ನೋಡುತ್ತಾ ಬೆಳೆದವನು ನಾನು. ನಮ್ಮ ಕಲ್ಲಿನಲ್ಲಿ ಹಸು ಬಿಡಿಸಲು ಹೋಗಿ ಸತ್ತವನ ಕಥೆಯೇ ಇರುತ್ತೆ. ಓಗಮ್ ಕಲ್ಲಲ್ಲಿ ಬಹುಪಾಲು ‘ಇಂಥವನ ಮಗ ಇಂಥವನದು’ ಅಂತ ಇಷ್ಟೇ, ಕಲ್ಲಿನ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಅದನ್ನು ಕಲಿಯೋಕೆ ಮೂರು ಲಕ್ಷ ಬೇಕಿಲ್ಲ.

ಸ್ವಾನ್ಸೀ ಸಿಸ್ಟರ್:
ಬೇಕಿಲ್ಲ ಅನ್ನೋದು ಸುಲಭ ಅಣ್ಣ. ನಾನು ಬರೆದದ್ದನ್ನು ತಿದ್ದಿ, ‘ಇದು ಊಹೆ, ಆಧಾರ ಎಲ್ಲಿ?’ ಅಂತ ಕೇಳೋಕೆ ಒಬ್ಬರು ಬೇಕು. ನನ್ನ ಟ್ಯೂಟರ್ ಒಂದು ಪ್ಯಾರಾದ ಮೇಲೆ ಇಡೀ ಪುಟ ಬರೆದು ಕಳಿಸಿದರು. ಅಷ್ಟು ಯಾವ ಸೈಟೂ ಕೊಡಲ್ಲ.

ಋಗ್ವೇದಪ್ರಿಯ:
ಇಷ್ಟೆಲ್ಲ ಚರ್ಚೆ ಯಾಕೆ? ಕೆಲ್ಟರ ಪುರೋಹಿತರಾದ ಡ್ರೂಯಿಡರು ನಮ್ಮ ಬ್ರಾಹ್ಮಣರೇ. ಇಲ್ಲಿಂದಲೇ ಹೋದವರು. ಬಾಯಿಪಾಠ ಮಾಡಿ 20 ವರ್ಷ ಕಲಿಯುತ್ತಿದ್ದರು ಅಂತ ಜೂಲಿಯಸ್ ಸೀಸರ್ ಬರೆದಿದ್ದಾನೆ. ಇದನ್ನು ಕಲಿಯೋಕೆ ವೇಲ್ಸ್‌ಗೆ ಫೀಸ್ ಕಟ್ಟಬೇಕಾ?

ಧಾರವಾಡದ ಬ್ಯಾಂಕಿನವ:
ಸೀಸರ್ ಬರೆದದ್ದು ನಿಜ. ಇಲ್ಲಿಂದ ಹೋದರು ಅಂತ ಅವನು ಬರೆದಿಲ್ಲ. ಎರಡೂ ಕಡೆ ಹೋಲಿಕೆ ಇರುವುದು ಸಂಸ್ಕೃತ, ಕೆಲ್ಟಿಕ್ ಎರಡೂ ಒಂದೇ ಭಾಷಾ ಕುಟುಂಬದವು ಅಂತ. ಇದನ್ನು 1786ರಲ್ಲೇ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಜೊತೆ ಕೆಲ್ಟಿಕ್ ಹೆಸರನ್ನೂ ಸೇರಿಸಿ ಹೇಳಿದ್ದರು. ಅವರ ತಂದೆ ವೇಲ್ಸ್‌ನ ಆಂಗ್ಲ್‌ಸೀ ದ್ವೀಪದವರು. ಹೋಲಿಕೆಯೇ ಬೇಕಾದರೆ ಕಾನೂನು ನೋಡಿ. ಹಳೇ ಐರ್ಲೆಂಡ್‌ನಲ್ಲಿ ದೊಡ್ಡ ಮನುಷ್ಯನೊಬ್ಬ ಸಾಲ ತೀರಿಸದಿದ್ದರೆ ಸಾಲ ಕೊಟ್ಟವನು ಅವನ ಬಾಗಿಲಲ್ಲಿ ಉಪವಾಸ ಕೂರಬೇಕಿತ್ತು. ನಮ್ಮಲ್ಲಿ ಧರಣಿ ಕೂರುತ್ತಿದ್ದರಲ್ಲ, ಹಾಗೇ. ಐರಿಶ್ ವಿದ್ವಾಂಸ ಮೈಲ್ಸ್ ಡಿಲನ್ ಇದನ್ನೆಲ್ಲ ಬರೆದ ಪುಸ್ತಕ ಅಚ್ಚಾಗಿದ್ದು 1975ರಲ್ಲಿ, ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯಿಂದ. ಅದನ್ನು ಓದಿ ಆಮೇಲೆ ಬನ್ನಿ.

ಋಗ್ವೇದಪ್ರಿಯ:
ಬಿಳಿಯರು ಬರೆದರೆ ಮಾತ್ರ ನಿಮಗೆ ಸತ್ಯ.

ಸ್ವಾನ್ಸೀ ಸಿಸ್ಟರ್:
ಇಲ್ಲಿ ಬಿಳಿಯರು, ಕಪ್ಪವರು ಅಂತ ತರಬೇಡಿ. ಮಧ್ಯಯುಗದ ಐರಿಶರಾಗಲಿ ವೆಲ್ಶರಾಗಲಿ ತಮ್ಮನ್ನು ಕೆಲ್ಟರು ಅಂತ ಕರೆದುಕೊಂಡವರೇ ಅಲ್ಲ. ಈ ಭಾಷೆಗಳು ಒಂದೇ ಗುಂಪಿನವು ಅಂತ ತೋರಿಸಿದ ಎಡ್ವರ್ಡ್ ಲ್ಹುಯ್ಡ್ ಪುಸ್ತಕ ಬಂದದ್ದು 1707ರಲ್ಲಿ. ಮೊದಲ ಮಾಡ್ಯೂಲಿನಲ್ಲೇ ಈ ಜಗಳ ಬಿಡಿಸಿ ಬಿಡಿಸಿ ಓದಿಸುತ್ತಾರೆ. ನಿಮ್ಮಂಥವರಿಗೋಸ್ಕರವೇ ಈ ಕೋರ್ಸ್ ಬೇಕು.

ಮೇಷ್ಟ್ರು_ತುಮಕೂರು:
ಬ್ಯಾಂಕಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಜಗಳಕ್ಕಲ್ಲ. ವಿಟ್ಲಿ ಸ್ಟೋಕ್ಸ್ ಅಂತ ಡಬ್ಲಿನ್‌ನವರು. 1862ರಲ್ಲಿ ಭಾರತಕ್ಕೆ ಬಂದು 1882ರವರೆಗೆ ಇಲ್ಲಿದ್ದರು. ಹಗಲು ವೈಸ್‌ರಾಯ್ ಸರ್ಕಾರಕ್ಕೆ ಕಾನೂನು ಬರೆಯೋದು, ಉಳಿದ ಹೊತ್ತಲ್ಲಿ ಹಳೇ ಐರಿಶ್ ಪಠ್ಯ ಸಂಪಾದಿಸೋದು. ಕೆಲವು ಕಲ್ಕತ್ತಾದಲ್ಲೇ ಅಚ್ಚಾದವು. ಡಬ್ಲಿನ್ ಲೈಬ್ರರಿಯಿಂದ ಅಷ್ಟು ದೂರ ಕೂತು, ಹಡಗಿನ ಟಪಾಲು ನಂಬಿಕೊಂಡು ಮಾಡಿದ ಕೆಲಸ. ನನ್ನ ಪ್ರಬಂಧ ಅವರ ಮೇಲೇ ಇತ್ತು. ಒಳ್ಳೆ ಅಂಕ ಬಂತು. ಆ ಅಂಕಪಟ್ಟಿ ಇಲ್ಲಿ ನಡೆಯಲ್ಲ ಅನ್ನೋದೇ ನನ್ನ ಸಂಕಟ.

ಧಾರವಾಡದ ಬ್ಯಾಂಕಿನವ:
ಮೇಷ್ಟ್ರೇ, ಆ ಪ್ರಬಂಧ ನನಗೆ ಕಳಿಸಿ. ನಿಜವಾಗ್ಲೂ ಓದಬೇಕು.

ಕಲ್ಲು ಓದುಗ:
ಪುಸ್ತಕಕ್ಕೆ ಕಸ್ಟಮ್ಸ್ ಅಂದರಲ್ಲ ಬ್ಯಾಂಕಿನವರು, ಪುಸ್ತಕಕ್ಕೆ ಸುಂಕ ಇಲ್ಲ. ತಪ್ಪು ಮಾಹಿತಿ ಕೊಡಬೇಡಿ.

ಧಾರವಾಡದ ಬ್ಯಾಂಕಿನವ:
2019ರ ಬಜೆಟ್‌ನಲ್ಲೇ ಆಮದು ಪುಸ್ತಕಕ್ಕೆ 5 ಪರ್ಸೆಂಟ್ ಹಾಕಿದ್ದಾರೆ. ರಸೀದಿ ನನ್ನ ಹತ್ತಿರ ಇದೆ. ಕೊಟ್ಟವನು ನಾನು.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ನನಗೆ ಲೆಕ್ಚರರ್ ಆಗೋ ಆಸೆ ಇಲ್ಲ, ಹಾಗಾಗಿ ಸಮಾನತೆ ಚಿಂತೆ ಇಲ್ಲ. ಬಿಎಸ್ಸಿ ಆದವರನ್ನು ತಗೊಳ್ತಾರಾ ಅನ್ನೋದು ಮಾತ್ರ ಇನ್ನೂ ಗೊತ್ತಾಗಲಿಲ್ಲ.

ಸ್ವಾನ್ಸೀ ಸಿಸ್ಟರ್:
ನಾನೂ ನರ್ಸಿಂಗ್ ಬಿಎಸ್ಸಿಯೇ ತಂಗಿ. ಯಾಕೆ ಓದಬೇಕು ಅಂತ ಒಂದು ಪುಟ ಬರೆಸಿಕೊಂಡು ತಗೊಂಡರು. ಪತ್ರದಲ್ಲಿ ‘ಚಿಕ್ಕಂದಿನಿಂದ ಆಸಕ್ತಿ’ ಅಂತ ಬರೆಯಬೇಡ. ಯಾವ ಹಸ್ತಪ್ರತಿ, ಯಾವ ಪ್ರಶ್ನೆ ಅಂತ ಬರಿ. ಇನ್ನೊಂದು, ಸಂಜೆ ಆರರ ಸೆಮಿನಾರು ಅಂದ್ರೆ ನಿಮ್ಮಲ್ಲಿ ಬೇಸಿಗೆಯಲ್ಲಿ ಹತ್ತೂವರೆ, ಅಕ್ಟೋಬರ್ ಕೊನೆಗೆ ಇಲ್ಲಿ ಗಡಿಯಾರ ತಿರುಗಿಸಿದ ಮೇಲೆ ಹನ್ನೊಂದೂವರೆ. ರೆಕಾರ್ಡಿಂಗ್ ಕೊಡ್ತಾರಾ ಅಂತ ಫೀಸ್ ಕಟ್ಟೋ ಮೊದಲೇ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೋ.

ಮೇಷ್ಟ್ರು_ತುಮಕೂರು:
ಇಮೇಲ್‌ನಲ್ಲೇ. ಫೋನಲ್ಲಿ ಹೇಳಿದ್ದನ್ನು ನಂಬಬೇಡಿ.