ಪ್ಯಾರಿಸ್ಸಿಗೆ ಎರಡು ತೂತು

"ಪ್ಯಾರಿಸ್ ಹೇಗಿತ್ತು ರಾಜಣ್ಣ?" ಮೇಷ್ಟ್ರು ಕೇಳಿದರು.

"ಎರಡು ತೂತು ಮೇಷ್ಟ್ರೇ. ಗುಂಡಗಿರುತ್ತವೆ. ಮೇಲೊಂದು ಕಡ್ಡಿ, ಗೋಡೆಯಿಂದಲೇ ಹೊರಗೆ ಚಾಚಿಕೊಂಡಿರುತ್ತದೆ."

ಮೇಷ್ಟ್ರು ಕೇಳಿದ್ದು ಊರಿನ ಬಗ್ಗೆ. ರಾಜಣ್ಣ ಹೇಳಿದ್ದು ಪ್ಲಗ್ ಪಾಯಿಂಟಿನ ಬಗ್ಗೆ. ಇಬ್ಬರಿಗೂ ಅದು ಗೊತ್ತಾಗುವಷ್ಟರಲ್ಲಿ ಪದ್ದಕ್ಕನಿಗೆ ಆಟ ಹಿಡಿಸಿಬಿಟ್ಟಿತ್ತು.

"ಲಂಡನ್?" ಎಂದರು.

"ಮೂರು. ಚೌಕ. ಪ್ಲಗ್ಗಿನ ಹೊಟ್ಟೆಯಲ್ಲೇ ಒಂದು ಫ್ಯೂಸ್ ಇಟ್ಟಿರುತ್ತಾರೆ. ಬಹಳ ಶಿಸ್ತಿನ ಜನ."

"ಸ್ವಿಟ್ಜರ್ಲೆಂಡ್?"

"ಆರು ಮೂಲೆಯ ಗುಂಡಿ. ಅದರೊಳಗೆ ಮೂರು ತೂತು. ನಡುವಿನದು ಸ್ವಲ್ಪ ಪಕ್ಕಕ್ಕೆ ಸರಿದಿದೆ."

"ಆಲ್ಪ್ಸ್ ಕಾಣಿಸಿತಾ?"

"ಪಾಯಿಂಟ್ ಕಿಟಕಿ ಹತ್ತಿರ ಇತ್ತು ಪದ್ದಕ್ಕ. ಹಾಗಾಗಿ ಕಾಣಿಸಿತು."

ಪದ್ದಕ್ಕ ಒಂದು ನಿಟ್ಟುಸಿರು ಬಿಟ್ಟರು. "ಎಲ್ಲರೂ ಹೋಗಿ ಊರು ನೋಡಿ ಬರುತ್ತಾರೆ. ನೀನು ಊರಿನ ಗೋಡೆ ನೋಡಿ ಬಂದಿದ್ದೀಯ. ಅದೂ ಕೆಳಗಿನ ಒಂದು ಅಡಿ."

"ಗೋಡೆಯಾದರೂ ಪರವಾಗಿಲ್ಲ," ಎಂದಳು ಗಿರಿಜಾ. "ಇವರು ಹೋಟೆಲ್ ರೂಮಿಗೆ ಕಾಲಿಟ್ಟ ಕೂಡಲೇ ಮಂಚದ ಕೆಳಗೆ ಹೋಗುತ್ತಿದ್ದರು. ಟವೆಲ್ ಕೊಡಲು ಬಂದ ಹುಡುಗಿಗೆ ಕಂಡದ್ದು ಎರಡು ಕಾಲು ಮಾತ್ರ. ಪಾಪ, ಟವೆಲನ್ನು ಕಾಲಿನ ಮೇಲೆ ಇಟ್ಟು ಹೋದಳು."

"ಮತ್ತೇನು ಮಾಡಲಿ? ಎರಡು ಫೋನು, ಒಂದು ಟ್ಯಾಬು, ಕ್ಯಾಮರಾ, ನನ್ನ ವಾಚು, ಇವಳ ವಾಚು, ಕಿವಿಗೆ ಹಾಕಿಕೊಳ್ಳುವುದು, ಪವರ್ ಬ್ಯಾಂಕು..."

"ಹೋದ ಮನುಷ್ಯರು ಇಬ್ಬರು. ಚಾರ್ಜ್ ಆಗಬೇಕಾದವು ಎಂಟು," ಎಂದರು ಪದ್ದಕ್ಕ. "ಟಿಕೆಟ್ ಅವುಗಳ ಹೆಸರಲ್ಲೇ ತೆಗೆದು ನೀವಿಬ್ಬರೂ ಲಗೇಜಿನಲ್ಲಿ ಹೋಗಬಹುದಿತ್ತು."

"ಲಗೇಜಿನಲ್ಲಿ ಪವರ್ ಬ್ಯಾಂಕ್ ಹಾಕಬಾರದು," ಎಂದ ಸೀನ. ಎಲೆಕ್ಟ್ರಾನಿಕ್ಸ್ ಸುದ್ದಿ ಬಂದರೆ ಅವನಿಗೆ ತಮಾಷೆ ಕೇಳಿಸುವುದಿಲ್ಲ. "ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿಗೆ ಕೆಳಗಡೆ ಬೆಂಕಿ ಹತ್ತಿದರೆ ಆರಿಸುವವರು ಯಾರು? 100 ವ್ಯಾಟ್ ಅವರ್ ತನಕ ಸರಿ. ಅಂದರೆ ಸುಮಾರು 27,000 ಎಂಎಎಚ್. ಅದಕ್ಕಿಂತ ದೊಡ್ಡದಾದರೆ ವಿಮಾನದವರ ಒಪ್ಪಿಗೆ ಕೇಳಬೇಕು."

"ಮನುಷ್ಯರು ಎಷ್ಟು ದೊಡ್ಡವರಿರಬಹುದು ಅಂತ ಏನಾದರೂ ಲೆಕ್ಕ ಇದೆಯಾ?" ಪದ್ದಕ್ಕ ರಾಜಣ್ಣನ ಹೊಟ್ಟೆ ನೋಡಿದರು. ರಾಜಣ್ಣ ಉಸಿರು ಒಳಗೆ ಎಳೆದುಕೊಂಡ.

ಈ ಮಧ್ಯೆ ಒಂದು ಗುಟ್ಟು ಹೊರಗೆ ಬಂತು. ಬಹಳ ಹೋಟೆಲುಗಳಲ್ಲಿ ಬಾಗಿಲ ಹತ್ತಿರ ಒಂದು ಸಂದು ಇರುತ್ತದೆ, ಅದಕ್ಕೆ ಕೀ ಕಾರ್ಡ್ ಸಿಕ್ಕಿಸಿದರೆ ಮಾತ್ರ ರೂಮಿಗೆ ಕರೆಂಟು. ಕಾರ್ಡ್ ತೆಗೆದುಕೊಂಡು ಹೊರಗೆ ಹೋದರೆ ಚಾರ್ಜಿಂಗೂ ನಿಂತಿತು. ರಾಜಣ್ಣ ಮೊದಲ ದಿನವೇ ರಿಸೆಪ್ಷನ್ನಿನಲ್ಲಿ ಇನ್ನೊಂದು ಕಾರ್ಡ್ ಕೇಳಿ ಪಡೆದಿದ್ದನಂತೆ. "ಹೆಂಡತಿಗೆ ಬೇಕು" ಎಂದು ಹೇಳಿ.

"ನನಗೆ ಒಂದು ದಿನವೂ ಕೊಡಲಿಲ್ಲ," ಎಂದಳು ಗಿರಿಜಾ. "ನಾನು ಬಾಗಿಲ ಹೊರಗೆ ನಿಂತಿರುತ್ತಿದ್ದೆ. ಒಳಗೆ ಟ್ಯಾಬ್ ಆರಾಮಾಗಿ ಮಲಗಿರುತ್ತಿತ್ತು."

ಸೀನನಿಗೆ ಪಾಯಿಂಟುಗಳ ಮೇಲೆ ಬೇರೆಯದೇ ಪ್ರೀತಿ. ಅವನು ಆಫೀಸಿನ ಕೆಲಸಕ್ಕೆ ಎಲ್ಲೆಲ್ಲೋ ಹೋಗಿ ಬರುವವನು. "ಸರಿಯಾಗಿ ನೋಡಿದರೆ ಎಲ್ಲವೂ ಮುಖಗಳೇ ಪದ್ದಕ್ಕ. ಅಮೆರಿಕದ್ದು ಹೆದರಿಕೊಂಡ ಮುಖ, ಬಾಯಿ ಬಿಟ್ಟುಕೊಂಡಿರುತ್ತೆ. ಆಸ್ಟ್ರೇಲಿಯಾದ್ದು ಅಳುಮುಖ, ಕಣ್ಣು ಎರಡೂ ಓರೆ. ಡೆನ್ಮಾರ್ಕಿನದು ಮಾತ್ರ ನಗುತ್ತಿರುತ್ತೆ."

"ದಿನಾ ಇಷ್ಟು ಜನ ಬಂದು ಕಣ್ಣಿಗೇ ಚುಚ್ಚುತ್ತಾರೆ, ಆದರೂ ನಗುತ್ತದಾ? ಸಂತರ ದೇಶ ಅದು."

"ಈ ಅಡಾಪ್ಟರ್ ಒಂದು ಇದ್ದರೆ ಎಲ್ಲ ದೇಶಕ್ಕೂ ಆಗುತ್ತೆ," ಎಂದು ಸೀನ ಜೇಬಿನಿಂದ ಒಂದು ಡಬ್ಬಿ ತೆಗೆದ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯಿಂದ ಕಡ್ಡಿಗಳು ಹೊರಗೆ ಬರುತ್ತವೆ. ಎಲ್ಲರೂ ಒಂದೊಂದು ಸಲ ಒತ್ತಿ ನೋಡಿದರು.

"ಆಗುತ್ತದೆ ಅಂದರೆ ಏನಪ್ಪಾ," ಎಂದರು ಮೇಷ್ಟ್ರು. "ಅದು ಕಡ್ಡಿ ಬದಲಾಯಿಸುತ್ತದೆ, ವೋಲ್ಟೇಜ್ ಬದಲಾಯಿಸುವುದಿಲ್ಲ. ಫೋನಿನ ಚಾರ್ಜರ್ ಮೇಲೆ 100ರಿಂದ 240 ಅಂತ ಬರೆದಿರುತ್ತದೆ, ಅದು ಎಲ್ಲಿ ಬೇಕಾದರೂ ನಡೆಯುತ್ತದೆ. ಬಿಸಿ ಮಾಡುವ ಸಾಮಾನು ಹಾಗಲ್ಲ. ನಿನ್ನ ಆ ಟೋಕಿಯೋ ಕೆಟಲ್ ಏನಾಯಿತು?"

ಸೀನ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ.

ಕೆಟಲ್ಲಿನ ಕಥೆ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹೇಳಿಸಿದರು. ಜಪಾನಿನ ಕರೆಂಟು 100 ವೋಲ್ಟು. ಅದಕ್ಕೆಂದು ಮಾಡಿದ ಕೆಟಲ್ಲನ್ನು ತಂದು 230ಕ್ಕೆ ಸಿಕ್ಕಿಸಿದರೆ ಕಾವು ಎರಡು ಪಟ್ಟು ಅಲ್ಲ, ಐದು ಪಟ್ಟು. ಮೇಷ್ಟ್ರು ಬೆರಳ ತುದಿಯಲ್ಲಿ ವರ್ಗ ಮಾಡಿ ತೋರಿಸಿದರು. ನೀರು ಕುದಿಯುವ ಮುಂಚೆ ಕೆಟಲ್ಲೇ ಬೆಂದಿತ್ತು.

"ಅಲ್ಲಿ ಇನ್ನೊಂದು ಸ್ವಾರಸ್ಯ ಇದೆ," ಮೇಷ್ಟ್ರಿಗೆ ಈಗ ಹುಮ್ಮಸ್ಸು ಬಂದಿತ್ತು. "ಟೋಕಿಯೋದ ಕಡೆ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಆವರ್ತ; ಒಸಾಕಾದ ಕಡೆ 60. 1890ರ ದಶಕದಲ್ಲಿ ಒಂದು ಊರಿನವರು ಜರ್ಮನಿಯಿಂದ ಜನರೇಟರ್ ತರಿಸಿದರು, ಇನ್ನೊಂದು ಊರಿನವರು ಅಮೆರಿಕದಿಂದ. ಇವತ್ತಿಗೂ ಸರಿಹೋಗಿಲ್ಲ."

"ಒಂದೇ ದೇಶದ ಎರಡು ಊರಿಗೆ ಹೊಂದಾಣಿಕೆ ಇಲ್ಲ," ಎಂದರು ಪದ್ದಕ್ಕ. "ಇವನು ಡಬ್ಬಿ ಹಿಡಿದುಕೊಂಡು ಜಗತ್ತನ್ನೇ ಹೊಂದಿಸುತ್ತಾನಂತೆ."

ರಾಜಣ್ಣನಿಗೆ ತನ್ನ ಪ್ರವಾಸ ಕೈಬಿಟ್ಟು ಹೋಗುತ್ತಿದೆ ಅನಿಸಿತು. "ನೀವು ಏನೇ ಹೇಳಿ, ಫೋನ್ ಇದ್ದದ್ದಕ್ಕೇ ನಿಮಗೆ ಮೋನಾ ಲೀಸಾ ಲೈವ್ ತೋರಿಸಿದ್ದು. ಮರೆತುಬಿಟ್ಟಿರಾ?"

"ಮರೆಯೋದುಂಟಾ? ಒಬ್ಬರ ಬೋಳು ತಲೆ ಕಾಣಿಸಿತು. ಆಮೇಲೆ ಮೂವತ್ತು ನಲವತ್ತು ಕೈ. ಪ್ರತಿ ಕೈಯಲ್ಲೂ ಒಂದೊಂದು ಫೋನು, ಪ್ರತಿ ಫೋನಿನಲ್ಲೂ ಒಂದೊಂದು ಸಣ್ಣ ಮೋನಾ ಲೀಸಾ. ಅಸಲಿ ಒಂದು ಎಲ್ಲೋ ಹಿಂದೆ ಇತ್ತು."

"ಚಿತ್ರವೇ ಚಿಕ್ಕದು," ಎಂದರು ಮೇಷ್ಟ್ರು. "77 ಸೆಂಟಿಮೀಟರ್ ಎತ್ತರ, 53 ಅಗಲ. ಮುಂದೆ ಗಾಜು ಬೇರೆ."

"ನೀನು ನೋಡಿದೆಯಾ ರಾಜಣ್ಣ? ಕಣ್ಣಲ್ಲಿ?"

ರಾಜಣ್ಣ ಯೋಚಿಸಿದ. "ನಿಮಗೆ ಸರಿಯಾಗಿ ಕಾಣಲಿ ಅಂತ ನಾನು ಸ್ಕ್ರೀನನ್ನೇ ನೋಡುತ್ತಿದ್ದೆ."

"ಅಂದರೆ ನಾನು ಮನೆಯಲ್ಲಿ ಕೂತು ಫೋನಿನಲ್ಲಿ ನೋಡಿದೆ. ನೀನು ಅಷ್ಟು ದೂರ ಹೋಗಿ ಫೋನಿನಲ್ಲಿ ನೋಡಿದೆ. ನನಗೇ ಲಾಭ."

ಇದಕ್ಕೆ ಉತ್ತರ ಹೊಳೆಯದೆ ರಾಜಣ್ಣ ಸೂಟ್‌ಕೇಸ್ ತೆರೆದ. ಇನ್ನು ಯಾರೂ ಮಾತಾಡುವಂತಿಲ್ಲ ಎಂಬ ಧೈರ್ಯ ಅವನಿಗೆ. ಐಫೆಲ್ ಟವರ್ ಕೀ ಚೈನು ಒಂದು ಗೊಂಚಲು. ಕೆಂಪು ಬಸ್ಸಿನ ಮ್ಯಾಗ್ನೆಟ್ಟು. ಹಸುವಿನ ಕುತ್ತಿಗೆಯ ಗಂಟೆ. ಮುಖವಾಡ. ಪದ್ದಕ್ಕ ಮ್ಯಾಗ್ನೆಟ್ ತಿರುಗಿಸಿ ಹಿಂಭಾಗ ಓದಿದರು. ಮುಂದೆ ಲಂಡನ್, ಹಿಂದೆ ಚೀನಾ. ಕೀ ಚೈನ್ ತಿರುಗಿಸಿದರು. ಮುಂದೆ ಪ್ಯಾರಿಸ್, ಹಿಂದೆ ಚೀನಾ.

"ನೀವು ಸುಮ್ನೆ ಯುರೋಪಿಗೆ ಹೋಗಿ ಸುಸ್ತಾದಿರಿ. ಚೀನಾಕ್ಕೆ ಹೋಗಿದ್ದರೆ ಎಲ್ಲ ದೇಶವೂ ಒಂದೇ ಅಂಗಡಿಯಲ್ಲಿ ಮುಗಿಯುತ್ತಿತ್ತು."

"ನೆನಪಿಗೆ ಪದ್ದಕ್ಕ," ಎಂದ ಸೀನ. "ಎಲ್ಲಿ ಮಾಡಿದರು ಅನ್ನೋದು ಮುಖ್ಯ ಅಲ್ಲ."

"ಯಾರ ನೆನಪಿಗೆ? ಹೋಗಿ ಬಂದವನು ಅವನು, ಕೀ ಚೈನ್ ನನಗೆ. ನಾನು ಏನನ್ನು ನೆನೆಯಬೇಕು? ರಾಜಣ್ಣ ಹೋಗಿದ್ದ, ನಾನು ಹೋಗಲಿಲ್ಲ ಅಂತಲಾ?"

ಮೇಷ್ಟ್ರು ರಾಜಣ್ಣನ ಪರ ನಿಂತರು. ಅದು ಅಪರೂಪ. "ಗೊಂಬೆಗಳನ್ನು ಅಷ್ಟು ಹಳಿಯಬೇಡಿ. ಅಮೆರಿಕದ ಸ್ವಾತಂತ್ರ್ಯ ದೇವಿಗೆ ಪೀಠ ಕಟ್ಟಲು ದುಡ್ಡು ಸಾಲದೆ ಹೋದಾಗ ಅವಳದೇ ಸಣ್ಣ ಪ್ರತಿಮೆಗಳನ್ನು ಮಾರಿದರು. ಆರು ಇಂಚಿನದು ಒಂದು ಡಾಲರ್, ಹನ್ನೆರಡು ಇಂಚಿನದು ಐದು ಡಾಲರ್. ಮೂರ್ತಿ ಉದ್ಘಾಟನೆಯಾದದ್ದು ಆಮೇಲೆ, 1886ರ ಅಕ್ಟೋಬರಿನಲ್ಲಿ."

"ನೋಡಿ!" ಎಂದ ರಾಜಣ್ಣ. "ಗೊಂಬೆ ಮೊದಲು, ಮೂರ್ತಿ ಆಮೇಲೆ. ಶಾಪಿಂಗ್ ಮಾಡಿದವರಿಂದಲೇ ದೇವಿ ಎದ್ದು ನಿಂತದ್ದು."

"ಸರಿ. ನೀನು ಇಷ್ಟೊಂದು ಕೀ ಚೈನ್ ತಂದಿದ್ದೀಯಲ್ಲ, ಇದರಿಂದ ಯಾವ ಟವರ್ ಏಳುತ್ತದೆ?"

ಸೀನ ತನ್ನ ದುಃಖ ತೋಡಿಕೊಂಡ. ವಿಯೆನ್ನಾದಿಂದ ಅವನು ಹಿಮದ ಗಾಜಿನ ಗೋಳ ತರುತ್ತಿದ್ದ. ಅಲುಗಾಡಿಸಿದರೆ ಒಳಗೆ ಹಿಮ ಬೀಳುತ್ತದಲ್ಲ, ಅದು. ಕೈಚೀಲದಲ್ಲಿಟ್ಟದ್ದೇ ತಪ್ಪಾಯಿತು. ಒಳಗಿನ ನೀರು 100 ಮಿಲಿ ಮೀರಿದೆ ಎಂದು ಏರ್‌ಪೋರ್ಟಿನಲ್ಲಿ ಕಿತ್ತುಕೊಂಡರು.

"ವಿಯೆನ್ನಾದಲ್ಲಿ ಅದು ಹುಟ್ಟಿದ ಕಥೆ ಕೇಳಿ," ಎಂದರು ಮೇಷ್ಟ್ರು. "1900ರಲ್ಲಿ. ಎರ್ವಿನ್ ಪೆರ್ಜಿ ಅಂತ, ಆಸ್ಪತ್ರೆಯ ಉಪಕರಣ ಮಾಡುತ್ತಿದ್ದವನು. ಆಪರೇಷನ್ ಮಾಡುವ ಕೋಣೆಗೆ ಬೆಳಕು ಜಾಸ್ತಿ ಮಾಡಲು ಹೊರಟಿದ್ದ. ಗಾಜಿನ ಗೋಳದಲ್ಲಿ ನೀರು ತುಂಬಿ ಏನೇನೋ ಪುಡಿ ಹಾಕಿ ನೋಡಿದ. ಬೆಳಕು ಹೆಚ್ಚಲಿಲ್ಲ, ಹಿಮ ಬಿತ್ತು."

"ಒಳ್ಳೆಯ ಮನುಷ್ಯ. ಕೆಲಸ ಕೆಟ್ಟರೂ ಅದನ್ನು ಮಾರಲು ಬರುವಂತೆ ಕೆಡಿಸಿದ. ನಮ್ಮ ಸೀನನ ಕೆಟಲ್ ಯಾರೂ ಕೊಳ್ಳುವುದಿಲ್ಲ."

ಈ ನಡುವೆ ಗಿರಿಜಾ ಸೂಟ್‌ಕೇಸಿನ ತಳದಿಂದ ಒಂದು ಉಂಡೆ ತೆಗೆದಳು. ವೆನಿಸ್ಸಿನಲ್ಲಿ ಕೊಂಡದ್ದಂತೆ. ಅದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಇಟಲಿಯಲ್ಲಿ ಒಂದು ಅಂಗಡಿಯ ಬಿಲ್ಲು 70 ಯೂರೋ ಮೀರಿದರೆ ಪ್ರವಾಸಿಗಳಿಗೆ ತೆರಿಗೆಯಲ್ಲಿ ಒಂದು ಪಾಲು ವಾಪಸ್ಸು. ಇವರ ಬಿಲ್ಲು 63ಕ್ಕೆ ನಿಂತಿತ್ತು. ಬಿಡಲು ಮನಸ್ಸು ಬರಲಿಲ್ಲ. 9 ಯೂರೋದ ಗಾಜಿನ ಕುದುರೆ ಸೇರಿಸಿ 72 ಮಾಡಿದರು.

"ವಾಪಸ್ಸು ಎಷ್ಟು ಬಂತು?" ಪದ್ದಕ್ಕ ಕೇಳಿದರು.

"ಏಳೆಂಟು ಯೂರೋ ಬರಬೇಕಿತ್ತು," ಎಂದ ರಾಜಣ್ಣ. "ಏರ್‌ಪೋರ್ಟಿನಲ್ಲಿ ಕ್ಯೂ ಉದ್ದ ಇತ್ತು. ಹಿಂದೆ ವಿಮಾನ ಕರೆಯುತ್ತಿದ್ದರು."

"ಅಂದರೆ ಬಾರದ ಎಂಟು ಯೂರೋ ಉಳಿಸಲು ಒಂಬತ್ತು ಯೂರೋ ಕೊಟ್ಟಿದ್ದೀಯ. ಲಂಡನ್ನಿನಲ್ಲಿ ಇದೇ ವಿದ್ಯೆ ಮಾಡಲಿಲ್ಲವಾ?"

"ಅಲ್ಲಿ 2021ರಿಂದ ತೆರಿಗೆ ವಾಪಸ್ ಕೊಡುವುದನ್ನೇ ನಿಲ್ಲಿಸಿದ್ದಾರೆ."

"ನೀನು ಬರುತ್ತೀಯ ಅಂತ ಗೊತ್ತಾಗಿರಬೇಕು."

ಗಿರಿಜಾ ಉಂಡೆ ಬಿಚ್ಚುತ್ತಿದ್ದಳು. ಸುರುಳಿ ಸುರುಳಿಯಾಗಿ ಸುತ್ತಿದ ಕಾಗದ, ಅದರೊಳಗೆ ಇನ್ನೊಂದು ಕಾಗದ. ಕೊನೆಗೆ ಹೆಬ್ಬೆರಳಿನಷ್ಟು ನೀಲಿ ಕುದುರೆ ಹೊರಗೆ ಬಂತು. ಒಂದು ಕಿವಿ ಇಲ್ಲ. ವೆನಿಸ್ಸಿನ ಮುರಾನೋ ದ್ವೀಪದ ಅಸಲಿ ಗಾಜಾದರೆ ಬಹಳ ಸಲ ಗುರುತಿನ ಚೀಟಿ ಅಂಟಿಸಿರುತ್ತಾರೆ ಎಂದು ಮೇಷ್ಟ್ರು ತಿರುಗಿಸಿ ಹುಡುಕಿದರು. ಚೀಟಿಯೂ ಇಲ್ಲ.

ಪದ್ದಕ್ಕ ಕುದುರೆಯ ಕಡೆ ನೋಡಲೇ ಇಲ್ಲ. ಕೆಳಗೆ ಬಿದ್ದ ಕಾಗದ ಎತ್ತಿಕೊಂಡರು. "ಇದು ಪೇಪರ್ ಅಲ್ವಾ?"

ಹೌದು, ನ್ಯೂಸ್ ಪೇಪರು. ರಾಜಣ್ಣ ನಾಲಿಗೆ ಕಚ್ಚಿಕೊಂಡ. ಹೊರಡುವಾಗ ಪದ್ದಕ್ಕ ಕೇಳಿದ್ದು ಅದೊಂದೇ. ಯಾವ ಊರಿನದಾದರೂ ಸರಿ, ಅವತ್ತಿನ ಒಂದು ಪೇಪರ್ ತಂದುಕೊಡು ಎಂದಿದ್ದರು. ಓದಲು ಬರುವುದಿಲ್ಲವಲ್ಲ ಎಂದಾಗ, ಬರುವುದಿಲ್ಲ, ಸುಮ್ನೆ ನೋಡುತ್ತೇನೆ ಎಂದಿದ್ದರು.

"ಸೀನ ಹೇಳಿದ, ಆ್ಯಪಿನಲ್ಲಿ ಎಲ್ಲ ದೇಶದ್ದೂ ಬರುತ್ತೆ ಅಂತ," ಎಂದ ರಾಜಣ್ಣ ಸಣ್ಣ ದನಿಯಲ್ಲಿ.

ಪದ್ದಕ್ಕ ಕಾಗದವನ್ನು ತೊಡೆಯ ಮೇಲೆ ಹರಡಿ ಅಂಗೈಯಿಂದ ಸುಕ್ಕು ತೀಡಿದರು. ಅರ್ಧ ಪುಟ. ಸಾಲಾಗಿ ಸಣ್ಣ ಸಣ್ಣ ಚೌಕ, ಚೌಕಕ್ಕೊಂದು ಫೋಟೋ, ಕೆಳಗೆ ಹೆಸರು, ವಯಸ್ಸು. ತೀರಿಕೊಂಡವರ ಪುಟ. ನಡುವಿನ ಚೌಕದಲ್ಲಿ ದಪ್ಪ ಕನ್ನಡಕದ ಒಬ್ಬ ಮುದುಕ ಯಾರನ್ನೋ ನೋಡಿ ನಗುತ್ತಿದ್ದ.

ಸೀನ ಫೋನ್ ತೆಗೆದ. "ಕ್ಯಾಮರಾ ಹಿಡಿದರೆ ಸಾಕು, ಏನು ಬರೆದಿದ್ದಾರೆ ಅಂತ ಹೇಳಿಬಿಡುತ್ತೆ."

"ಬೇಡ ಕಣೋ. ಒಳ್ಳೆಯವರಿದ್ದರು ಅಂತಲೇ ಬರೆದಿರುತ್ತಾರೆ. ಬೇರೆ ಏನು ಬರೆಯುತ್ತಾರೆ?"

"ನಾವು ಅಲ್ಲಿ ಮುಖವಾಡ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದೆವು," ಎಂದಳು ಗಿರಿಜಾ. "ಪಾಪ, ಅದೇ ಹೊತ್ತಿಗೆ ಇವರ ಮನೆಯಲ್ಲಿ..."

"ಗಂಟೆ ಬಾರಿಸುತ್ತಿತ್ತು," ರಾಜಣ್ಣ ಇದ್ದಕ್ಕಿದ್ದಂತೆ ಹೇಳಿದ. "ಮಧ್ಯಾಹ್ನ. ಸಣ್ಣ ಕಾಲುವೆಯ ಹತ್ತಿರ ಒಂದು ಚರ್ಚು. ಬಹಳ ಹೊತ್ತು ಬಾರಿಸಿದರು. ನಿಧಾನವಾಗಿ, ಒಂದು ಬಾರಿಸಿ ನಿಲ್ಲಿಸಿ, ಮತ್ತೊಂದು. ಸೇತುವೆ ಮೇಲಿದ್ದ ಒಬ್ಬ ಮುದುಕಿ ಚೀಲ ಕೆಳಗಿಟ್ಟು ನಿಂತುಬಿಟ್ಟಳು. ನಾನೂ ನಿಂತೆ. ನೀರಿನ ಮೇಲೆ ಬಿಸಿಲು ಬಿದ್ದು ಗೋಡೆಯೆಲ್ಲ ಅಲುಗಾಡುತ್ತಿತ್ತು. ವಿಡಿಯೋ ಮಾಡೋಣ ಅಂದರೆ ಫೋನಿನಲ್ಲಿ ಚಾರ್ಜೇ ಇರಲಿಲ್ಲ."

"ಅದಕ್ಕೇ ನೆನಪಿದೆ," ಎಂದರು ಪದ್ದಕ್ಕ.

ಯಾರೂ ಮಾತಾಡಲಿಲ್ಲ. ಮೇಷ್ಟ್ರ ಬಳಿಯೂ ಇಸವಿ ಇರಲಿಲ್ಲ.

ಪದ್ದಕ್ಕ ಪೇಪರನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿ, ಇನ್ನೊಮ್ಮೆ ತೀಡಿದರು. "ಇದು ನನಗೆ ಸಾಕು."

"ಹಾಗಾದರೆ ಕುದುರೆ ಬೇಡವಾ?" ರಾಜಣ್ಣನಿಗೆ ಆಸೆ ಚಿಗುರಿತು. ಹಂಚಬೇಕಾದವರ ಪಟ್ಟಿ ಇನ್ನೂ ಉದ್ದವಿತ್ತು.

"ಯಾಕೆ ಬೇಡ? ಇತ್ತ ಕೊಡು. ಪೇಪರ್ ಹಾರಿಹೋಗದಂತೆ ಮೇಲೆ ಏನಾದರೂ ಇಡಬೇಕಲ್ಲ."