ಭಾರವಾದ ಸರ್ಕ್ಯುಲೇಟರ್ ಪಂಪಿಗೆ ಆಸರೆ ಕೊಡಬೇಕಾದದ್ದು ಎಲ್ಲಿ?

ಪ್ರಶ್ನೆ (ಮ್ಯಾಸಚೂಸೆಟ್ಸ್, ಅಮೆರಿಕ)

ನಮ್ಮದು ಹಳೆಯ ಮರದ ಮನೆ. ನೆಲಮಾಳಿಗೆಯ ಬಾಯ್ಲರಿನಲ್ಲಿ ಕಾದ ನೀರನ್ನು ಕೋಣೆಗಳ ರೇಡಿಯೇಟರುಗಳಿಗೆ ತಳ್ಳುವುದು ಎರಕದ ಕಬ್ಬಿಣದ ಹಳೆಯ ಮಾದರಿಯ ಪಂಪು. ಅದರ ಮೋಟಾರು ಬೇರೆ, ಬೇರಿಂಗಿನ ಭಾಗ ಬೇರೆ, ನಡುವೆ ಎರಡರ ಶಾಫ್ಟುಗಳನ್ನು (ತಿರುಗುವ ಸರಳುಗಳನ್ನು) ಜೋಡಿಸುವ ಸ್ಪ್ರಿಂಗ್ ಕಪ್ಲಿಂಗ್. ಎಲ್ಲ ಸೇರಿ ಹತ್ತು ಕಿಲೋದಷ್ಟು ತೂಗುತ್ತದೆ. ಕಳೆದ ವರ್ಷ ಉಕ್ಕಿನ ಪೈಪು ತೆಗೆಸಿ ಒಂದೂಕಾಲು ಇಂಚಿನ ತಾಮ್ರದ ಪೈಪನ್ನು ಸೂರಿನ ತೊಲೆಗಳ ಕೆಳಗೆ ಅಡ್ಡಲಾಗಿ ಹಾಕಿಸಿದ ಮೇಲೆ ಮೋಟಾರಿನ ಕಡೆ ಜೋತುಬೀಳತೊಡಗಿತು. ಕೆಲಸಗಾರರು ತೂತಿನ ತಗಡಿನ ಪಟ್ಟಿಯೊಂದನ್ನು ಮೋಟಾರಿನ ಹೊಟ್ಟೆಗೆ ಸುತ್ತಿ ತೊಲೆಗೆ ಮೊಳೆ ಹೊಡೆದು ಹೋದರು. ಅಂದಿನಿಂದ ಮೇಲಿನ ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಗುಂಯ್‌ಗುಡುವ ಸದ್ದು. ಈ ಚಳಿಗಾಲದಲ್ಲಿ ಒಂದರ ನಂತರ ಒಂದರಂತೆ ಎರಡು ಕಪ್ಲಿಂಗುಗಳು ಮುರಿದವು. ಪಟ್ಟಿಯನ್ನು ಇನ್ನಷ್ಟು ಬಿಗಿಗೊಳಿಸಬೇಕೇ?

ಉತ್ತರ (ಕ್ಯಾಲ್ಗರಿ, ಕೆನಡಾ, ಬಾಯ್ಲರ್ ನಿರ್ವಹಣೆಯ ಕೆಲಸ)

ಬೇಡ, ಆ ಪಟ್ಟಿಯನ್ನೇ ತೆಗೆಯಬೇಕು; ಆದರೆ ಪೈಪಿಗೆ ಆಸರೆ ಕೊಟ್ಟ ನಂತರವೇ ತೆಗೆಯಿರಿ. ಈ ಬಗೆಯ ಪಂಪಿನಲ್ಲಿ ಮೋಟಾರು ರಬ್ಬರ್ ಮೌಂಟುಗಳ ಮೇಲೆ ಕೂತಿರುತ್ತದೆ. ಅದನ್ನು ಮೇಲಕ್ಕೆ ಜಗ್ಗಿ ಕಟ್ಟಿದರೆ ಮೋಟಾರಿನ ಶಾಫ್ಟೂ ಪಂಪಿನ ಶಾಫ್ಟೂ ಒಂದೇ ರೇಖೆಯಲ್ಲಿ ಉಳಿಯುವುದಿಲ್ಲ, ಆ ವ್ಯತ್ಯಾಸವನ್ನು ಪ್ರತಿ ಸುತ್ತಿನಲ್ಲೂ ಕಪ್ಲಿಂಗ್ ನುಂಗಬೇಕಾಗುತ್ತದೆ. ಸದ್ದಿಗೂ ಅದೇ ದಾರಿ: ರಬ್ಬರು ತಡೆಯಬೇಕಾದ ಕಂಪನವನ್ನು ತಗಡು ನೇರವಾಗಿ ತೊಲೆಗೆ ದಾಟಿಸುತ್ತಿದೆ.

ಭಾರವನ್ನು ಹೊರಬೇಕಾದದ್ದು ಪೈಪು, ಅದೂ ಪಂಪಿನ ಎರಡೂ ಫ್ಲೇಂಜುಗಳ (ಪಂಪನ್ನೂ ಪೈಪನ್ನೂ ಬೋಲ್ಟಿನಿಂದ ಕೂಡಿಸುವ ಅಗಲ ಅಂಚುಗಳ) ಪಕ್ಕದಲ್ಲಿ. ಆದರೆ ಬಳೆಯಂಥ ಸಾದಾ ತೂಗುಹಿಡಿ ನಿಮ್ಮಲ್ಲಿ ಸಾಲದು, ಏಕೆಂದರೆ ಮೋಟಾರು ಒಂದು ಪಕ್ಕಕ್ಕೆ ಚಾಚಿರುವುದರಿಂದ ಅದು ಪೈಪನ್ನು ಬಾಗಿಸುವುದಕ್ಕಿಂತ ಹೆಚ್ಚಾಗಿ ತಿರುಚುತ್ತದೆ, ಮತ್ತು ಪೈಪು ಬಳೆಯೊಳಗೆ ಸಲೀಸಾಗಿ ತಿರುಗಿಬಿಡುತ್ತದೆ. ಉಕ್ಕಿನ ಹಳೆಯ ಪೈಪು ತನ್ನ ಗಡಸುತನದಿಂದಲೇ ಇದನ್ನು ತಡೆದುಕೊಂಡಿದ್ದಿರಬೇಕು. ಆದ್ದರಿಂದ ಎರಡು ತೊಲೆಗಳಿಗೆ ಅಡ್ಡಲಾಗಿ ಉಕ್ಕಿನ ಚಾನೆಲ್ (ತೊಟ್ಟಿಯಾಕಾರದ ಪಟ್ಟಿ) ಕೂರಿಸಿ, ಒಳಗೆ ರಬ್ಬರ್ ಪಟ್ಟಿಯಿರುವ ಕ್ಲಾಂಪುಗಳಿಂದ ಪೈಪನ್ನು ಅಪ್ಪಿ ಹಿಡಿಯುವಂತೆ ಬಿಗಿಯಿರಿ. ಚಾನೆಲ್ಲಿಗೂ ಮರಕ್ಕೂ ನಡುವೆ ರಬ್ಬರ್ ವಾಷರ್ ಇರಲಿ.

ಹೀಗೆ ಬಿಗಿಯುವುದು ಪಂಪಿನ ಬಳಿ ಮಾತ್ರ. ಆರು ಮೀಟರ್ ಉದ್ದದ ತಾಮ್ರದ ಪೈಪು 20 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಸುಮಾರು 6 ಮಿಲಿಮೀಟರ್ ಹಿಗ್ಗುತ್ತದೆ. ಮಿಕ್ಕ ಹಿಡಿಗಳು ಸಡಿಲವಾಗಿರಲಿ; ಅವು ಪೈಪನ್ನು ಸರಿಯಲು ಬಿಡದಿದ್ದರೆ ಆ ಒತ್ತಡವೆಲ್ಲ ಫ್ಲೇಂಜಿಗೇ ಬಂದು ಸೇರುತ್ತದೆ.

ಉತ್ತರ (ಬೆಂಗಳೂರು, ಕಟ್ಟಡಗಳ ಪಂಪ್‌ಕೋಣೆಗಳ ಕೆಲಸ)

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ, ಒಂದು ತಕರಾರು ಮಾತ್ರ. ನೆಲ ಕಾಂಕ್ರೀಟಿನದಾಗಿದ್ದರೆ ಚಾನೆಲ್ಲನ್ನು ತೊಲೆಗೆ ತೂಗುಹಾಕುವ ಬದಲು ನೆಲದಿಂದಲೇ ಎರಡು ಕಾಲು ಎತ್ತಿ ನಿಲ್ಲಿಸಿ, ಏಕೆಂದರೆ ಮಲಗುವ ಕೋಣೆಯ ನೆಲವನ್ನು ಹೊತ್ತ ಮರಕ್ಕೆ ಪಂಪನ್ನು ಕಟ್ಟಿದರೆ ಎಷ್ಟು ರಬ್ಬರಿಟ್ಟರೂ ಒಂದಿಷ್ಟು ಸದ್ದು ಉಳಿಯುವುದೇ.

ಇನ್ನೊಂದು ಪರೀಕ್ಷೆ ಮಾಡಿ. ವಿದ್ಯುತ್ ಕಡಿದು, ಬಾಯ್ಲರ್ ತಣಿದ ಮೇಲೆ, ಆ ಭಾಗದ ನೀರು ಖಾಲಿ ಮಾಡಿ, ಪಂಪಿನ ಕೆಳಗೆ ಮರದ ಆನಿಕೆ ಕೊಟ್ಟು ಫ್ಲೇಂಜಿನ ಬೋಲ್ಟುಗಳನ್ನು ಸಡಿಲಿಸಿ. ಎರಡು ಮುಖಗಳು ಸಮಾನಾಂತರವಾಗಿಯೇ ನಿಂತರೆ ಸರಿ. ಮೇಲ್ಗಡೆ ಬಾಯಿ ಬಿಟ್ಟು ಕೆಳಗೆ ಕಚ್ಚಿಕೊಂಡರೆ ಇಷ್ಟು ದಿನ ಬೋಲ್ಟುಗಳು ಪೈಪನ್ನು ಎಳೆದು ಹಿಡಿದಿದ್ದವೆಂದು ಅರ್ಥ. ಆಗ ಆಸರೆಯ ಎತ್ತರವನ್ನು ಸರಿಪಡಿಸಬೇಕೇ ಹೊರತು ಬೋಲ್ಟಿನಿಂದ ಜಗ್ಗಿ ಕೂಡಿಸಬಾರದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಬೋಲ್ಟು ಸಡಿಲಿಸಿದಾಗ ಮೇಲ್ಗಡೆ ಒಂದು ನಾಣ್ಯ ತೂರುವಷ್ಟು ಬಾಯಿ ಬಿಟ್ಟಿತು. ನೆಲದಿಂದ ಎರಡು ಕಾಲು ಕೊಟ್ಟು, ಮುಖಗಳು ಕೂಡುವವರೆಗೆ ನಟ್ಟಿನಿಂದ ಎತ್ತರ ಹೊಂದಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಪಟ್ಟಿಯನ್ನು ಕತ್ತರಿಸಿದೆ. ಬೇರಿಂಗಿನ ಭಾಗದ ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ನಡುವೆ ನಿಂತಿತು, ಆದರೆ ಮೋಟಾರಿನ ಮೂತಿ ಮಾತ್ರ ಇನ್ನೂ ತುಸು ಕೆಳಗಿದೆ. ರಬ್ಬರ್ ಮೌಂಟುಗಳನ್ನು ಒತ್ತಿದರೆ ಬೆರಳಿಗೆ ಕಪ್ಪಗೆ, ಜಿಡ್ಡಾಗಿ ಅಂಟುತ್ತವೆ.

ಉತ್ತರ (ಕ್ಯಾಲ್ಗರಿ)

ಮೋಟಾರಿಗೆ ಬಿಡುವ ಎಣ್ಣೆ ಅಳತೆ ಮೀರಿ, ಹೊರಗೆ ಸೋರಿ ರಬ್ಬರನ್ನು ಮೆತ್ತಗೆ ಮಾಡಿದೆ. ಮೌಂಟುಗಳನ್ನು ಬದಲಿಸಿದ ನಂತರವೇ ಮೂರನೆಯ ಕಪ್ಲಿಂಗ್ ಹಾಕಿ. ಎಣ್ಣೆಯನ್ನು ತಯಾರಕರು ಹೇಳಿದಷ್ಟು ಹನಿ ಮಾತ್ರ ಬಿಡಿ.